ನ್ಯೂಜಿಲೆಂಡಿನಲ್ಲಿ ಸಿಕ್ಕ ಜಾನ್ ಫೋರ್ಡ್

ಹಾಲಿವುಡ್ ನಿರ್ದೇಶಕ ಜಾನ್ ಫೋರ್ಡ್ ಅಂದರೆ ಕುದುರೆ, ಬಂದೂಕು, ದೂಳು ಅಲ್ವಾ? 1927ರ ಅವರ ಮೂಕಿ ಚಿತ್ರ ‘ಅಪ್‌ಸ್ಟ್ರೀಮ್’ನಲ್ಲಿ ಅದ್ಯಾವುದೂ ಇಲ್ಲ. ನಾಟಕದವರೇ ತುಂಬಿರುವ ಬೋರ್ಡಿಂಗ್ ಮನೆ. ಅಲ್ಲೊಬ್ಬ ಸಾಧಾರಣ ನಟ. ಮನೆತನದ ಹೆಸರಿನ ಮೇಲೇ ಅವನಿಗೆ ಲಂಡನ್ನಿನಲ್ಲಿ ಹ್ಯಾಮ್ಲೆಟ್ ಪಾತ್ರ! ನಮ್ಮ ಗಾಂಧಿನಗರಕ್ಕೆ ಇದೇನು ಹೊಸದಲ್ಲ ಬಿಡಿ.

ಕಳೆದೇಹೋಯಿತು ಅಂದುಕೊಂಡಿದ್ದ ಈ ಚಿತ್ರ ಸಿಕ್ಕಿದ್ದು ನ್ಯೂಜಿಲೆಂಡಿನ ಫಿಲ್ಮ್ ಆರ್ಕೈವ್‌ನಲ್ಲಿ. ಅಲ್ಲಿಗೇಕೆ ಹೋಯಿತು? ದೇಶದೇಶ ಸುತ್ತಿದ ಪ್ರಿಂಟುಗಳಿಗೆ ಅದೇ ಕೊನೇ ನಿಲ್ದಾಣ. ಹಡಗಿನ ಬಾಡಿಗೆ ಕೊಟ್ಟು ವಾಪಸ್ ತರಿಸಿಕೊಳ್ಳೋದು ಸ್ಟುಡಿಯೋಗಳಿಗೆ ದಂಡದ ಖರ್ಚು. ಬಿಟ್ಟುಹೋದ ರೀಲುಗಳನ್ನು ಸಂಗ್ರಾಹಕರು ಎತ್ತಿಟ್ಟುಕೊಂಡರು. ಅದೂ ಥಟ್ಟನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು!

2010ರಲ್ಲಿ ಸುಮಾರು 75 ಅಮೆರಿಕನ್ ಚಿತ್ರಗಳನ್ನು ತವರಿಗೆ ಮರಳಿಸುವ ಒಪ್ಪಂದವಾಯಿತು. ವೆಲಿಂಗ್ಟನ್ನಿನಲ್ಲಿ ದುರಸ್ತಿಯಾದ ‘ಅಪ್‌ಸ್ಟ್ರೀಮ್’ ಅದೇ ಸೆಪ್ಟೆಂಬರಿನಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಮತ್ತೆ ತೆರೆಕಂಡಿತು. ಫೋರ್ಡ್ ಅವರ ‘ಸ್ಟ್ರಾಂಗ್ ಬಾಯ್’ ಚಿತ್ರದ್ದು ಮಾತ್ರ ನ್ಯೂಜಿಲೆಂಡಿನಲ್ಲಿ ಸಿಕ್ಕಿದ್ದು ಬರೀ ಟ್ರೇಲರ್.