ರಿಂಟ್‌ನ 45 ಅಂಕಗಳು

ಫಾರ್ಮುಲಾ ಒನ್ ಚಾಂಪಿಯನ್‌ಗಳ ಪಟ್ಟಿಯಲ್ಲಿ 1970ರ ಎದುರಿಗಿರುವ ಹೆಸರು ಯೋಖನ್ ರಿಂಟ್. ಆತ ತೀರಿಕೊಂಡದ್ದು ಆ ವರ್ಷದ ಸೆಪ್ಟೆಂಬರ್ 5ರಂದು. ಪಟ್ಟ ಅವನದೇ ಎಂದು ಖಚಿತವಾದದ್ದು ಅಕ್ಟೋಬರ್ 4ರಂದು. ಸತ್ತ ಮೇಲೆ ಚಾಂಪಿಯನ್ ಆದವನು ಆ ಪಟ್ಟಿಯಲ್ಲಿ ಅವನೊಬ್ಬನೇ. ಗ್ಯಾರೇಜ್ ಇಟ್ಟುಕೊಂಡು ಬದುಕಿದ ನನಗೆ ಈ ಕಥೆಯಲ್ಲಿ ಎರಡು ಸಂಗತಿ ಬಿಡದೆ ಕಾಡುತ್ತವೆ: ಒಂದು ಬ್ರೇಕ್ ಶಾಫ್ಟ್, ಇನ್ನೊಂದು ಅಂಕಪಟ್ಟಿ.

ರಿಂಟ್ ಹುಟ್ಟಿದ್ದು 1942ರಲ್ಲಿ, ಜರ್ಮನಿಯ ಮೈನ್ಸ್‌ನಲ್ಲಿ. ಮರುವರ್ಷ ಹ್ಯಾಂಬರ್ಗ್ ಮೇಲೆ ಬಿದ್ದ ಬಾಂಬುಗಳಿಗೆ ಅಪ್ಪ ಅಮ್ಮ ಇಬ್ಬರೂ ಬಲಿಯಾದರು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಅಜ್ಜ ಅಜ್ಜಿ ಸಾಕಿದರು. ರೇಸಿಗಿಳಿದಾಗ ಅವನ ಕೈಯಲ್ಲಿದ್ದದ್ದು ಆಸ್ಟ್ರಿಯಾದ ಲೈಸೆನ್ಸ್. 1969ರಲ್ಲಿ ಲೋಟಸ್ ತಂಡ ಸೇರಿದ. ಅದರ ಯಜಮಾನ ಕಾಲಿನ್ ಚಾಪ್‌ಮನ್‌ಗೆ ಒಂದೇ ಹುಚ್ಚು: ಕಾರಿನಿಂದ ತೂಕ ಇಳಿಸುವುದು. ಇಳಿಸಿ ಇಳಿಸಿ, ಅದೇ ವರ್ಷ ಬಾರ್ಸಿಲೋನಾದಲ್ಲಿ ತಂಡದ ಎರಡೂ ಕಾರುಗಳ ಹಿಂದಿನ ರೆಕ್ಕೆ ಒಂದೇ ರೇಸಿನಲ್ಲಿ ಮುರಿದುಬಿದ್ದವು. ಗಾಯಗೊಂಡ ರಿಂಟ್ ಆಮೇಲೆ ಯಜಮಾನನಿಗೇ ಕಾಗದ ಬರೆದ. ಬಿಡಿಭಾಗಗಳು ಸ್ವಲ್ಪ ಗಟ್ಟಿಯಾಗಿರಲಿ, ನಂಬಿಕೆಯಿಲ್ಲದ ಕಾರನ್ನು ಓಡಿಸಲಾರೆ ಎಂಬುದು ಅದರ ಸಾರ. ಬರೆದ, ಆದರೆ ಬಿಟ್ಟುಹೋಗಲಿಲ್ಲ. ವೇಗದ ಕಾರು ಇದ್ದದ್ದು ಅಲ್ಲೇ.

1970ರಲ್ಲಿ ಬಂದ ಲೋಟಸ್ 72ರ ಮೂತಿ ಬೆಣೆಯಂತೆ ಚೂಪು. ರೇಡಿಯೇಟರ್‌ಗಳು ಮುಂದಿನಿಂದ ಎರಡು ಪಕ್ಕಗಳಿಗೆ ಹೋಗಿದ್ದವು. ಎಲ್ಲಕ್ಕಿಂತ ವಿಚಿತ್ರವೆಂದರೆ ಮುಂದಿನ ಬ್ರೇಕು. ಸಾಮಾನ್ಯವಾಗಿ ಡಿಸ್ಕ್ ಚಕ್ರದೊಳಗೇ ಕೂತಿರುತ್ತದೆ. ಇಲ್ಲಿ ಅದನ್ನು ಚಕ್ರದಿಂದ ಬಿಡಿಸಿ ಕಾರಿನ ಒಡಲಿಗೆ ತಂದು, ನಡುವೆ ಒಂದು ಶಾಫ್ಟ್ ಕೊಟ್ಟಿದ್ದರು. ಬೂಟು ಕಳಚಿ ಬರಿಗಾಲಲ್ಲಿ ಓಡುವವನ ಹೆಜ್ಜೆಯ ಹಾಗೆ, ಹಗುರಾದ ಚಕ್ರ ರಸ್ತೆಯ ಉಬ್ಬುತಗ್ಗುಗಳಿಗೆ ಚುರುಕಾಗಿ ಹೊಂದಿಕೊಳ್ಳುತ್ತದೆ. ಉಪಾಯ ಸೊಗಸಾದದ್ದೇ. ಆದರೆ ಬ್ರೇಕ್ ತುಳಿದಾಗಲೆಲ್ಲ ಆ ಶಾಫ್ಟ್ ತಿರುಚುವ ಬಲವನ್ನೆಲ್ಲ ತಾನೇ ಹೊರಬೇಕು. ಒಂದು ಬದಿಯದು ಮುರಿದರೆ ಆ ಚಕ್ರಕ್ಕೆ ಬ್ರೇಕೇ ಇಲ್ಲ. ಕಾರು ಇನ್ನೊಂದು ಬದಿಗೆ ಎಳೆಯುತ್ತದೆ.

ಆ ವರ್ಷ ರಿಂಟ್ ಐದು ರೇಸ್ ಗೆದ್ದ. ಮೊನಾಕೊದಲ್ಲಿ ಓಡಿಸಿದ್ದು ಹಳೆಯ ಲೋಟಸ್ 49. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮುಂದಿದ್ದ ಜಾಕ್ ಬ್ರಾಭಮ್ ಜಾರಿದ, ಇವನು ದಾಟಿದ. ಆಮೇಲೆ 72ರಲ್ಲಿ ಹಾಲೆಂಡ್, ಫ್ರಾನ್ಸ್, ಬ್ರಿಟನ್, ಜರ್ಮನಿ, ಸಾಲಾಗಿ ನಾಲ್ಕು. ಹಾಲೆಂಡಿನ ಗೆಲುವಿನ ದಿನವೇ ಅವನ ಆಪ್ತಗೆಳೆಯ ಪಿಯರ್ಸ್ ಕರೇಜ್ ಅದೇ ಟ್ರ್ಯಾಕಿನಲ್ಲಿ ಬೆಂಕಿಗೆ ಸಿಕ್ಕಿ ಸತ್ತಿದ್ದ. ಆಗಿನ ರೇಸಿಂಗ್ ಎಂದರೆ ಹೀಗೆ. ಅದನ್ನು ಬರೀ ರೋಮಾಂಚನವೆಂದು ಬಣ್ಣಿಸುವವರ ಮಾತು ನನಗೆ ರುಚಿಸುವುದಿಲ್ಲ.

ಇಟಲಿಯ ಮೊಂಜಾಕ್ಕೆ ಬರುವಾಗ ರಿಂಟ್ ಬಳಿ 45 ಅಂಕಗಳಿದ್ದವು. ನೇರ ದಾರಿಗಳ ಆ ಟ್ರ್ಯಾಕಿನಲ್ಲಿ ಗಾಳಿಯ ತಡೆ ಕಡಿಮೆಯಾಗಲೆಂದು ಕಾರಿನ ರೆಕ್ಕೆಗಳನ್ನು ತೆಗೆಸಿದ್ದ. ಶನಿವಾರದ ಅಭ್ಯಾಸದಲ್ಲಿ ಪ್ಯಾರಾಬೋಲಿಕಾ ತಿರುವಿಗೆ ಬ್ರೇಕ್ ಹಾಕಿದಾಗ, ಹಿಂದೆ ಬರುತ್ತಿದ್ದ ಡೆನ್ನಿ ಹಲ್ಮ್‌ನ ಕಣ್ಣೆದುರೇ ಕಾರು ಓಲಾಡಿ ಎಡಕ್ಕೆ ನುಗ್ಗಿ ಬೇಲಿಗೆ ಬಡಿಯಿತು. ಬೆಂಕಿ ಬಿದ್ದರೆ ಬೇಗ ಹೊರಬೀಳಬೇಕೆಂದು ಅವನು ತೊಡೆಗಳ ನಡುವಿನ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿರಲಿಲ್ಲ. ಹೊಡೆತಕ್ಕೆ ಮೈ ಕೆಳಕ್ಕೆ ಜಾರಿತು, ಬೆಲ್ಟಿನ ಬಕಲ್ಲು ಕುತ್ತಿಗೆಗೆ ಬಂತು. ವಯಸ್ಸು 28. ಬಲಬದಿಯ ಮುಂದಿನ ಬ್ರೇಕ್ ಶಾಫ್ಟ್ ಮುರಿದದ್ದರಿಂದ ಅಪಘಾತವಾಯಿತು, ಆದರೆ ಪ್ರಾಣ ಹೋದದ್ದು ಸರಿಯಾಗಿ ನಿಲ್ಲಿಸದ ಬೇಲಿಯಿಂದ ಎಂಬುದು ಇಟಲಿಯ ನ್ಯಾಯಾಲಯದ ತೀರ್ಮಾನ.

ಇನ್ನು ಅಂಕಪಟ್ಟಿ. ಆಗ ಮೊದಲ ಆರು ಸ್ಥಾನಗಳಿಗಷ್ಟೇ ಅಂಕ: 9, 6, 4, 3, 2, 1. ಫೆರಾರಿಯ ಜಾಕಿ ಇಕ್ಸ್ ಎಂಬ 25ರ ಬೆಲ್ಜಿಯನ್ ಹುಡುಗನ ಬಳಿ ಇದ್ದದ್ದು 19. ಮೊಂಜಾದಲ್ಲಿ ಅವನಿಗೇನೂ ಸಿಗಲಿಲ್ಲ. ಉಳಿದದ್ದು ಮೂರು ರೇಸ್; ಮೂರನ್ನೂ ಗೆದ್ದರೆ 46. ಸತ್ತವನಿಗಿಂತ ಒಂದೇ ಒಂದು ಅಂಕ ಹೆಚ್ಚು! ಕೆನಡಾದಲ್ಲಿ ಇಕ್ಸ್ ಗೆದ್ದೇಬಿಟ್ಟ. ಲೋಟಸ್ ತಂಡ ಅಲ್ಲಿಗೆ ಹೋಗಿರಲಿಲ್ಲ.

ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ಗೆ ಲೋಟಸ್ ಮರಳಿತು. ಮುಖ್ಯ ಚಾಲಕನ ಜಾಗದಲ್ಲಿ ಎಮರ್ಸನ್ ಫಿಟಿಪಾಲ್ಡಿ, ಬ್ರೆಜಿಲ್‌ನ 23ರ ತರುಣ. ಗ್ರ್ಯಾನ್ ಪ್ರೀ ರೇಸಿನಲ್ಲಿ ಅವನು ಓಡುತ್ತಿದ್ದದ್ದು ಅದು ನಾಲ್ಕನೆಯ ಸಲ. ಎಲ್ಲರಿಗಿಂತ ಮುಂದೆ ನಿಂತು ಹೊರಟವನು ಇಕ್ಸ್. ಓಟದ ನಡುವೆ ಅವನ ಇಂಧನದ ಪೈಪು ಒಡೆಯಿತು. ದುರಸ್ತಿ ಮುಗಿಸಿ ಹೊರಬರುವಷ್ಟರಲ್ಲಿ ಬಹಳ ಹಿಂದೆ ಬಿದ್ದಿದ್ದ. ದೂರ ಮುಂದೆ ಹೋಗಿದ್ದ ಜಾಕಿ ಸ್ಟೀವರ್ಟ್‌ನ ಎಂಜಿನ್ ಕೈಕೊಟ್ಟಿತು. ಆಮೇಲೆ ಮುಂದಿದ್ದ ಪೆಡ್ರೊ ರಾಡ್ರಿಗಸ್‌ಗೆ ಕೆಲವೇ ಸುತ್ತು ಬಾಕಿಯಿರುವಾಗ ಪೆಟ್ರೋಲ್ ಸಾಲದೆ ನಿಲ್ಲಬೇಕಾಯಿತು. ಗೆದ್ದವನು ಫಿಟಿಪಾಲ್ಡಿ. ಇಕ್ಸ್ ಎಷ್ಟು ಏರಿ ಬಂದರೂ ನಾಲ್ಕನೆಯವನಾದ. 9 ಬೇಕಿದ್ದಲ್ಲಿ 3 ಬಂತು, ಲೆಕ್ಕ ಮುಗಿಯಿತು. ತಂಡದ ನಾಯಕನ ಪಟ್ಟವನ್ನು ಹೀಗೆ ಕಾಯ್ದ ಹುಡುಗ ಎರಡು ವರ್ಷಕ್ಕೆ ತಾನೇ ಚಾಂಪಿಯನ್ ಆದ.

ಮೆಕ್ಸಿಕೊದಲ್ಲಿ ಪ್ರೇಕ್ಷಕರು ಬೇಲಿ ದಾಟಿ ಟ್ರ್ಯಾಕಿನ ಅಂಚಿಗೇ ಬಂದು ಕೂತಿದ್ದರು. ಸ್ಟೀವರ್ಟ್‌ನ ಕಾರಿಗೆ ನಾಯಿಯೊಂದು ಅಡ್ಡ ಬಂತು. ಅಂಥ ಗದ್ದಲದಲ್ಲೂ ಇಕ್ಸ್ ಮತ್ತೆ ಗೆದ್ದು 40ಕ್ಕೆ ಬಂದು ನಿಂತ. ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಟ್ರೋಫಿ ತೆಗೆದುಕೊಂಡವಳು ರಿಂಟ್‌ನ ಹೆಂಡತಿ ನೀನಾ, ಕೊಟ್ಟವನು ಸ್ಟೀವರ್ಟ್.

ಇಕ್ಸ್ ಪೂರ್ತಿ ಶಕ್ತಿ ಹಾಕಿ ಓಡಿಸಿದ ಎನ್ನುವುದಕ್ಕೆ ಆ ಎರಡು ಗೆಲುವುಗಳೇ ಸಾಕ್ಷಿ. ಆದರೂ ಎದುರಾಳಿ ಇಲ್ಲದ ಮೇಲೆ ಆ ಪಟ್ಟ ತನಗೆ ಸಿಗದಿದ್ದದ್ದೇ ಒಳ್ಳೆಯದಾಯಿತೆಂದು ಅವನು ಮುಂದೆ ಹೇಳುತ್ತಲೇ ಬಂದಿದ್ದಾನೆ. ಫಾರ್ಮುಲಾ ಒನ್ ಕಿರೀಟ ಅವನಿಗೆ ಕೊನೆಗೂ ದಕ್ಕಲಿಲ್ಲ. ಲ ಮಾನ್‌ನ 24 ಗಂಟೆಗಳ ರೇಸನ್ನು ಮಾತ್ರ ಆರು ಸಲ ಗೆದ್ದ.