ಭೂಮಿಯ ಕಾಣದ ಗಡಿ

ಸೂರ್ಯನಿಂದ ಬೆಳಕಿನೊಂದಿಗೆ ವಿದ್ಯುದಾವೇಶವುಳ್ಳ ಕಣಗಳೂ ನಿರಂತರವಾಗಿ ಹೊರಹರಿಯುತ್ತಿವೆ. ಇದೇ ಸೌರಮಾರುತ. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬರುವ ಈ ಪ್ರವಾಹವನ್ನು ಭೂಮಿಯ ಕಾಂತಕ್ಷೇತ್ರವು ದೂರದಲ್ಲಿಯೇ ತಡೆಯುತ್ತದೆ. ಮಾರುತದ ಒತ್ತಡವೂ ಕಾಂತಕ್ಷೇತ್ರದ ಒತ್ತಡವೂ ಸಮನಾಗುವ ಸ್ಥಳವೇ ಅವೆರಡರ ಗಡಿ. ಸೂರ್ಯನಿಗೆ ಎದುರಾದ ಪಾರ್ಶ್ವದಲ್ಲಿ ಅದು ಸಾಮಾನ್ಯವಾಗಿ ಭೂಕೇಂದ್ರದಿಂದ ಸುಮಾರು 64,000 ಕಿಲೋಮೀಟರ್ ದೂರದಲ್ಲಿರುತ್ತದೆ. ಹಿಂಬದಿಯಲ್ಲಿ ಕಾಂತಕ್ಷೇತ್ರವು ಬಾಲದಂತೆ ಚಂದ್ರನ ಕಕ್ಷೆಯಾಚೆಗೂ ಚಾಚಿಕೊಂಡಿದೆ.

ಇದು ಕಲ್ಲು ನೆಟ್ಟು ಗುರುತಿಸಿದ ಗಡಿಯಲ್ಲ. ಮಾರುತದ ಒತ್ತಡವು ಅದರ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ವೇಗ ಇಮ್ಮಡಿಸಿದರೆ ಒತ್ತಡ ನಾಲ್ಮಡಿಯಾಗುತ್ತದೆ. ಆದರೂ ಗಡಿ ಸುಲಭವಾಗಿ ಹಿಂದೆ ಸರಿಯದು. ದೂರ ಅರ್ಧವಾದಾಗ ಕಾಂತಕ್ಷೇತ್ರ ಎಂಟು ಪಟ್ಟು ಬಲಗೊಳ್ಳುತ್ತದೆ. ಅದರ ಒತ್ತಡ ಬಲದ ವರ್ಗಕ್ಕೆ ಅನುಗುಣವಾದುದರಿಂದ 64 ಪಟ್ಟು ಏರುತ್ತದೆ. ಆದ್ದರಿಂದ ಗಡಿಯನ್ನು ಅರ್ಧ ದೂರಕ್ಕೆ ತಳ್ಳಬೇಕಾದರೆ ಮಾರುತದ ಒತ್ತಡವೂ 64 ಪಟ್ಟು ಹೆಚ್ಚಬೇಕು.

ಒತ್ತಡ ತಗ್ಗಿದರೆ ಏನಾಗುವುದೆಂಬುದಕ್ಕೆ 1999ರ ಮೇ 11 ಸಾಕ್ಷಿ. ಅಂದು ಸೌರಮಾರುತದ ಸಾಂದ್ರತೆ ಎಂದಿನ ಶೇಕಡಾ 2ಕ್ಕೆ ಕುಸಿಯಿತು. ಭೂಮಿಯ ಕಾಂತಗೋಳವು ತನ್ನ ಗಾತ್ರದ ಐದಾರು ಪಟ್ಟು ಹಿಗ್ಗಿತೆಂದು ನಾಸಾ ತಿಳಿಸಿತು. 2024ರ ಮೇ 10ರಂದು ನಡೆದದ್ದು ಇದಕ್ಕೆ ವಿರುದ್ಧ. ಸೂರ್ಯನ ಸರಣಿ ಸ್ಫೋಟಗಳ ಹೊಡೆತಕ್ಕೆ ಗಡಿಯು ಭೂಸ್ಥಿರ ಉಪಗ್ರಹಗಳ ಕಕ್ಷೆಗಿಂತಲೂ ಒಳಕ್ಕೆ ಸರಿಯಿತು. ಭೂಕೇಂದ್ರದಿಂದ 42,000 ಕಿಲೋಮೀಟರ್ ದೂರದ ಆ ಕಕ್ಷೆಯಲ್ಲೇ ದೂರದರ್ಶನ ಪ್ರಸಾರದ ಮತ್ತು ಹವಾಮಾನದ ಉಪಗ್ರಹಗಳಿವೆ. ಇಂಥ ವೇಳೆಯಲ್ಲಿ ಅವು ಸೌರಮಾರುತಕ್ಕೆ ನೇರವಾಗಿ ಮೈಯೊಡ್ಡಬೇಕಾಗುತ್ತದೆ.

ಬುಧಗ್ರಹದ ಪಾಡು ಇನ್ನೂ ಕಠಿಣ. ಅದರ ಕಾಂತಕ್ಷೇತ್ರ ಭೂಮಿಯದರ ಶೇಕಡಾ 1ರಷ್ಟು ಮಾತ್ರ, ಸೂರ್ಯನೂ ಸಮೀಪ. ಹಾಗಾಗಿ ಅಲ್ಲಿನ ಗಡಿ ನೆಲದಿಂದ ಸಾವಿರ ಕಿಲೋಮೀಟರಿನಷ್ಟು ಮೇಲಿದೆ; ಪ್ರಬಲ ಮಾರುತ ಬೀಸಿದಾಗ ನೆಲದವರೆಗೂ ಕುಗ್ಗುವುದುಂಟು.

ಮಹಾರಾಷ್ಟ್ರದ ಅಲಿಬಾಗಿನಲ್ಲಿ 1904ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯಲಾಗುತ್ತಿದೆ. ಮುಂಬಯಿಯ ವಿದ್ಯುತ್ ಟ್ರಾಮುಗಳು ಅಳತೆಗೆ ಅಡ್ಡಿಯಾಗುವವೆಂದು ಕೊಲಾಬಾದ ವೀಕ್ಷಣಾಲಯವನ್ನು ಅಲ್ಲಿಗೆ ಸಾಗಿಸಲಾಯಿತು. ಮಾರುತದ ಒತ್ತಡ ಹಠಾತ್ತನೆ ಏರಿದರೆ ಅಲ್ಲಿನ ಉಪಕರಣಗಳು ನಿಮಿಷಗಳಲ್ಲಿ ಅದನ್ನು ದಾಖಲಿಸುತ್ತವೆ. ಆದರೆ ಅದು ಹೊಡೆತ ಬಿದ್ದ ಮೇಲಿನ ಸುದ್ದಿ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಭಾರತದ ಆದಿತ್ಯ-ಎಲ್1 ನೌಕೆಯಾದರೋ ಅದೇ ಮಾರುತವನ್ನು ಸುಮಾರು ಒಂದು ಗಂಟೆ ಮುಂಚಿತವಾಗಿಯೇ ಎದುರಿಸುತ್ತದೆ. ಉಪಗ್ರಹಗಳನ್ನು ಕಾಯುವವರಿಗೆ ಆ ಒಂದು ಗಂಟೆ ಬೆಲೆಯುಳ್ಳದ್ದು.