ತವರು ಹೇಳದ ವಿಶ್ವಕಿರಣಗಳು

ವಿಶ್ವಕಿರಣಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಪಠ್ಯಪುಸ್ತಕಗಳಲ್ಲಿ ಉತ್ತರ ಸಿದ್ಧವಾಗಿದೆ: ದೊಡ್ಡ ನಕ್ಷತ್ರಗಳು ಸಿಡಿಯುವ ಸೂಪರ್‌ನೋವಾಗಳಿಂದ. ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕಿ 1934ರಲ್ಲೇ ಈ ಊಹೆಯನ್ನು ಮುಂದಿಟ್ಟರು. ತೊಂಬತ್ತು ವರ್ಷಗಳಲ್ಲಿ ಆ ಊಹೆ ನಂಬಿಕೆಯಾಗಿ, ನಂಬಿಕೆ ಪಾಠವಾಗಿ ಬೆಳೆದಿದೆ. ಪಾಠ ಸುಳ್ಳು ಎಂಬುದು ಇಲ್ಲಿನ ವಾದವಲ್ಲ. ಸಾಕ್ಷ್ಯ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಪಾಠವೂ ನಿಲ್ಲಬೇಕಿತ್ತು, ನಿಂತಿಲ್ಲ ಎಂಬುದಷ್ಟೇ ತಕರಾರು.

ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. 1912ರ ಆಗಸ್ಟ್ 7ರಂದು ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನಿನಲ್ಲಿ 5,000 ಮೀಟರಿಗೂ ಮೇಲೇರಿದರು. ನೆಲದ ಬಂಡೆಗಳಿಂದ ಹೊರಟಿದ್ದರೆ ಎತ್ತರಕ್ಕೆ ಹೋದಂತೆ ಕುಗ್ಗಬೇಕಿದ್ದ ವಿಕಿರಣ, ಅಲ್ಲಿ ಏರುತ್ತಲೇ ಹೋಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸೂರ್ಯಗ್ರಹಣದ ಹೊತ್ತಿಗೂ ಅವರು ಹಾರಿದ್ದರು. ಸೂರ್ಯ ಮರೆಯಾದರೂ ಅಳತೆ ಇಳಿಯದ್ದರಿಂದ ಸೂರ್ಯನನ್ನೂ ಪಟ್ಟಿಯಿಂದ ತೆಗೆಯಬೇಕಾಯಿತು. ಮುಂದೆ ರಾಬರ್ಟ್ ಮಿಲಿಕನ್ ಇದಕ್ಕೆ ವಿಶ್ವಕಿರಣ ಎಂದು ಹೆಸರಿಟ್ಟರು, ಹೆಸರು ಅಂಟಿಕೊಂಡಿತು. ಆದರೆ ಬರುವುದು ಕಿರಣವಲ್ಲ, ಕಣ: ಬಹುಪಾಲು ಪ್ರೋಟಾನ್‌ಗಳು, ಜೊತೆಗೆ ಹೀಲಿಯಂನಿಂದ ಕಬ್ಬಿಣದವರೆಗಿನ ಪರಮಾಣು ಬೀಜಗಳು. ಈ ವ್ಯತ್ಯಾಸ ಸಣ್ಣದಲ್ಲ. ಬೆಳಕು ನೇರ ಬರುತ್ತದೆ. ವಿದ್ಯುದಾವೇಶವಿರುವ ಕಣ ಕಾಂತಕ್ಷೇತ್ರ ಸಿಕ್ಕಲ್ಲೆಲ್ಲ ಬಾಗುತ್ತದೆ. ನಮ್ಮ ಆಕಾಶಗಂಗೆಯ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು ಲಕ್ಷ ಪಟ್ಟು ದುರ್ಬಲ. ಆದರೂ ಒಂದರ ಮುಂದೆ ಹದಿನೈದು ಸೊನ್ನೆ ಬರೆದಷ್ಟು ಎಲೆಕ್ಟ್ರಾನ್ ವೋಲ್ಟ್, ಅಂದರೆ ಒಂದು ಪೆಟಾ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಚಿಕ್ಕದಾಗಿ ಪೆಟಾ ವೋಲ್ಟ್) ಶಕ್ತಿಯ ಪ್ರೋಟಾನನ್ನು ಅದು ಒಂದು ಜ್ಯೋತಿರ್ವರ್ಷದಷ್ಟು ತ್ರಿಜ್ಯದ ಸುತ್ತಿನಲ್ಲಿ ತಿರುಗಿಸಿಬಿಡುತ್ತದೆ. ಆಕಾಶಗಂಗೆಯ ಅಗಲವೋ ಲಕ್ಷ ಜ್ಯೋತಿರ್ವರ್ಷ. ಹೀಗೆ ಲೆಕ್ಕವಿಲ್ಲದಷ್ಟು ಸುತ್ತು ಹಾಕಿ ಬಂದ ಕಣ ಯಾವ ದಿಕ್ಕಿನಿಂದ ನಮ್ಮನ್ನು ಮುಟ್ಟಿತು ಎಂಬುದಕ್ಕೂ ಅದರ ತವರಿಗೂ ಸಂಬಂಧವೇ ಉಳಿದಿರುವುದಿಲ್ಲ.

ಹಾಗಿದ್ದರೆ ಸೂಪರ್‌ನೋವಾದ ಮೇಲೆ ಬೆರಳು ತೋರಿಸಿದ್ದು ಹೇಗೆ? ಜಮಾಖರ್ಚಿನಿಂದ. ಆಕಾಶಗಂಗೆಯಲ್ಲಿ ಶತಮಾನಕ್ಕೆ ಎರಡೋ ಮೂರೋ ನಕ್ಷತ್ರಗಳು ಸಿಡಿಯುತ್ತವೆ. ಆ ಸ್ಫೋಟಗಳ ಚಲನಶಕ್ತಿಯಲ್ಲಿ ಹತ್ತನೇ ಒಂದು ಪಾಲು ಕಣಗಳಿಗೆ ಸೇರಿದರೂ ವಿಶ್ವಕಿರಣಗಳ ಒಟ್ಟು ಖರ್ಚು ಸರಿಹೋಗುತ್ತದೆ. ಶಕ್ತಿ ಕಣಕ್ಕೆ ದಾಟುವ ಬಗೆಯೂ ಗೊತ್ತಿದೆ. ಎನ್ರಿಕೊ ಫರ್ಮಿ 1949ರಲ್ಲಿ ಮುಂದಿಟ್ಟ ವಿಚಾರವನ್ನು 1970ರ ದಶಕದ ಕೊನೆಯಲ್ಲಿ ಇತರರು ತಿದ್ದಿ ಬೆಳೆಸಿದರು: ಸ್ಫೋಟದ ಆಘಾತದ ಅಲೆಯನ್ನು ಕಣ ಆಚೀಚೆ ದಾಟುತ್ತ, ದಾಟಿದಷ್ಟು ಸಲ ವೇಗ ಕೂಡಿಸಿಕೊಳ್ಳುತ್ತದೆ. ಇಷ್ಟಾದರೂ ಇದೆಲ್ಲ ಸಾಂದರ್ಭಿಕ ಸಾಕ್ಷ್ಯವೇ. ಪ್ರತ್ಯಕ್ಷ ಸಾಕ್ಷ್ಯ 2013ರಲ್ಲಿ ಬಂತಲ್ಲ ಎಂದು ಆಕ್ಷೇಪಿಸಬಹುದು. ನಿಜ, ಫರ್ಮಿ ಉಪಗ್ರಹ ದೂರದರ್ಶಕ ಐಸಿ 443 ಮತ್ತು ಡಬ್ಲ್ಯು 44 ಎಂಬ ಎರಡು ಸ್ಫೋಟದ ಅವಶೇಷಗಳಲ್ಲಿ ಪ್ರೋಟಾನ್‌ಗಳು ಅನಿಲಕ್ಕೆ ಬಡಿದಾಗ ಮಾತ್ರ ಹುಟ್ಟುವ ಗಾಮಾ ಕಿರಣಗಳ ಗುರುತು ಹಿಡಿಯಿತು. ಅವಶೇಷಗಳು ಪ್ರೋಟಾನ್‌ಗಳನ್ನು ಓಡಿಸುತ್ತವೆ ಎಂಬುದಕ್ಕೆ ಅದು ಸಾಕು. ಎಷ್ಟರ ಮಟ್ಟಿಗೆ ಓಡಿಸುತ್ತವೆ ಎಂಬುದಕ್ಕೆ ಸಾಲದು. ವಿಶ್ವಕಿರಣಗಳ ಶಕ್ತಿಯ ರೇಖೆ ಸುಮಾರು 3 ಪೆಟಾ ವೋಲ್ಟ್‌ನಲ್ಲಿ ಬಾಗುತ್ತದೆ, ಅದಕ್ಕೆ ವಿಜ್ಞಾನಿಗಳು ಮೊಣಕಾಲು ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿಯವರೆಗಿನ ಕಣಗಳು ನಮ್ಮ ಆಕಾಶಗಂಗೆಯವೇ ಎಂಬುದು ಸಾಮಾನ್ಯ ಒಪ್ಪಿಗೆ. ಆದರೆ ಮುನ್ನೂರ ಚಿಲ್ಲರೆ ವರ್ಷಗಳ ಎಳೆಯ ಅವಶೇಷ ಕ್ಯಾಸಿಯೋಪಿಯ-ಎ ಕಡೆಗೆ ಮ್ಯಾಜಿಕ್ ಎಂಬ ಗಾಮಾ ದೂರದರ್ಶಕಗಳನ್ನು ತಿರುಗಿಸಿದಾಗ, 2017ರ ವರದಿಯಂತೆ, ಅದರ ಕಣಗಳ ಓಟ ಹತ್ತು ಟೆರಾ ವೋಲ್ಟ್ (ಸಾವಿರ ಟೆರಾ ಸೇರಿದರೆ ಒಂದು ಪೆಟಾ) ಆಸುಪಾಸಿನಲ್ಲೇ ಮುಗಿಯುವಂತೆ ಕಂಡಿತು. ಮೊಣಕಾಲಿಗೆ ಇದು ನೂರಾರು ಪಟ್ಟು ಕಡಿಮೆ. ಹೆಚ್ಚು ಓಡಿಸಬೇಕಿದ್ದ ವಯಸ್ಸಿನಲ್ಲೇ ಅದು ದಣಿದಿದೆ.

ಇಲ್ಲಿ ಚೀನಾದ ಲಾಸೊ ವೀಕ್ಷಣಾಲಯದ 2021ರ ಫಲಿತಾಂಶವನ್ನು ಎತ್ತಿ ತೋರಿಸುವವರಿದ್ದಾರೆ. ಸಿಚುವಾನ್‌ನ 4,410 ಮೀಟರ್ ಎತ್ತರದಿಂದ ಅದು ಆಕಾಶಗಂಗೆಯಲ್ಲಿ ಅತಿಶಕ್ತಿಯ ಹನ್ನೆರಡು ಗಾಮಾ ಮೂಲಗಳನ್ನು ಗುರುತಿಸಿತು. ಹಂಸ ನಕ್ಷತ್ರಪುಂಜದ ಕಡೆಯಿಂದ ಬಂದ ಒಂದು ಫೋಟಾನ್‌ನ ಶಕ್ತಿ 1.4 ಪೆಟಾ ವೋಲ್ಟ್. ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಎಲೆಕ್ಟ್ರಾನ್‌ಗಳೂ ಗಾಮಾ ಕಿರಣ ಹುಟ್ಟಿಸುತ್ತವೆ, ಆ ಪಟ್ಟಿಯಲ್ಲಿರುವ ಏಡಿ ನೀಹಾರಿಕೆಯ ನಡುವೆ ಇರುವುದು ಅಂಥ ಎಲೆಕ್ಟ್ರಾನ್‌ಗಳನ್ನು ಚಿಮ್ಮಿಸುತ್ತ ಗಿರಗಿರ ತಿರುಗುವ ಪಲ್ಸಾರ್. ಊಟಿಯ ಗ್ರೇಪ್ಸ್-3 ಪ್ರಯೋಗ 2024ರಲ್ಲಿ ಕೊಟ್ಟ ಸುಳಿವೂ ಇದೇ ಎಚ್ಚರಿಕೆಯನ್ನು ಹೇಳುತ್ತದೆ: ಒಂದೇ ಇಳಿಜಾರು ಎಂದುಕೊಂಡಿದ್ದ ಪ್ರೋಟಾನ್‌ಗಳ ರೇಖೆ 166 ಟೆರಾ ವೋಲ್ಟ್ ಹತ್ತಿರ ತಿರುವು ತೆಗೆದುಕೊಳ್ಳುತ್ತದೆ. ಒಂದೇ ಬಗೆಯ ಮೂಲದಿಂದ ಇಂಥ ತಿರುವು ಬರಿಸುವುದು ಸುಲಭವಲ್ಲ. ನಕ್ಷತ್ರಗಳ ದಟ್ಟ ಗುಂಪುಗಳು, ಆಕಾಶಗಂಗೆಯ ನಡುವಿನ ಕಪ್ಪುಕುಳಿ ಕೂಡ ಪಾಲುದಾರರಾಗಿರಬಹುದು.

ಶಕ್ತಿ ಬಹಳ ಹೆಚ್ಚಾದರೆ ಕಣ ಬಾಗುವುದು ಕಡಿಮೆ, ಆಗಲಾದರೂ ದಿಕ್ಕು ಹಿಡಿಯಬಹುದಲ್ಲ? ತರ್ಕ ಸರಿ, ಪ್ರಕೃತಿ ಸಹಕರಿಸಿಲ್ಲ. 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ದಾಖಲಾದ ಒಂದೇ ಒಂದು ಕಣಕ್ಕೆ ಸ್ಪಿನ್ ಬೌಲರ್ ಎಸೆದ ಚೆಂಡಿನಷ್ಟು ಶಕ್ತಿಯಿತ್ತು. 2021ರ ಮೇ 27ರಂದು ಅದೇ ಯೂಟಾದಲ್ಲಿ ಸಿಕ್ಕ ‘ಅಮತೆರಾಸು’ ಕಣದ ಜಾಡು ಹಿಡಿದು ಹಿಂದೆ ಹೋದರೆ ತಲುಪುವುದು ಗೆಲಾಕ್ಸಿಗಳೇ ವಿರಳವಾದ ಬರಿದಾದ ಜಾಗ. ಅದು ಪ್ರೋಟಾನಲ್ಲದೆ ಕಬ್ಬಿಣದಂಥ ಭಾರದ ಬೀಜವಾಗಿದ್ದರೆ 26 ಪಟ್ಟು ಹೆಚ್ಚು ಬಾಗಿರುತ್ತದೆ, ಜಾಡೇ ತಪ್ಪು. ಅರ್ಜೆಂಟೀನಾದಲ್ಲಿ 3,000 ಚದರ ಕಿ.ಮೀ. ಹರಡಿರುವ ಪಿಯರ್ ಓಜೆ ವೀಕ್ಷಣಾಲಯ 2017ರಲ್ಲಿ ಒಂದು ವಿಷಯವನ್ನಂತೂ ಗಟ್ಟಿ ಮಾಡಿತು: ಅತ್ಯಧಿಕ ಶಕ್ತಿಯ ಕಣಗಳು ಆಕಾಶಗಂಗೆಯ ಕೇಂದ್ರದ ಕಡೆಯಿಂದಲ್ಲ, ಬೇರೆ ಕಡೆಯಿಂದ ತುಸು ಹೆಚ್ಚು ಬರುತ್ತವೆ. ಅವು ಪರವೂರಿನವು ಎಂಬುದು ಖಚಿತವಾಯಿತು, ಊರಿನ ಹೆಸರು ಮಾತ್ರ ತಿಳಿಯಲಿಲ್ಲ.

ಬಾಗದೆ ಬರುವ, ಗಾಮಾ ಕಿರಣದಂತೆ ಎಲೆಕ್ಟ್ರಾನ್‌ಗಳಿಂದ ಹುಟ್ಟದ ಸಾಕ್ಷಿ ಒಂದೇ, ನ್ಯೂಟ್ರಿನೊ. ದಕ್ಷಿಣ ಧ್ರುವದಲ್ಲಿ ಒಂದು ಘನ ಕಿ.ಮೀ. ಮಂಜುಗಡ್ಡೆಯನ್ನೇ ಉಪಕರಣವಾಗಿಸಿರುವ ಐಸ್‌ಕ್ಯೂಬ್ 2022ರಲ್ಲಿ ಎನ್‌ಜಿಸಿ 1068 ಗೆಲಾಕ್ಸಿಯ ಕಡೆಯಿಂದ ಸುಮಾರು 79 ನ್ಯೂಟ್ರಿನೊಗಳು ಬಂದಿವೆ ಎಂದು ತಿಳಿಸಿತು. ಹತ್ತು ವರ್ಷದ ಕಾವಲಿಗೆ ಸಿಕ್ಕ ಫಲ ಅಷ್ಟು. ಉಳಿದ ಲಕ್ಷಗಟ್ಟಲೆ ನ್ಯೂಟ್ರಿನೊಗಳಲ್ಲಿ ಬಹುಪಾಲು, ವಿಶ್ವಕಿರಣಗಳು ನಮ್ಮದೇ ವಾಯುಮಂಡಲಕ್ಕೆ ಬಡಿದಾಗ ಹುಟ್ಟಿದವು, ಅವನ್ನು ಕಳೆಯಂತೆ ಕಿತ್ತು ಬಿಸಾಡಬೇಕು. ಈ ಕಳೆಯನ್ನು ಜಗತ್ತು ಮೊದಲು ಕಂಡದ್ದು 1965ರಲ್ಲಿ, ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಮತ್ತು ನಮ್ಮ ಕೋಲಾರದ ಗಣಿಯ ಎರಡು ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ.